ಐನೂರು ಪದ ಮೀರದಂತೆ

ಮಂಡ್ಯದ ತಾಲ್ಲೂಕು ಕಚೇರಿ ಎದುರು
ಮೂವತ್ತೊಂದು ವರ್ಷ ಅರ್ಜಿ ಬರೆದವನು ನಾನು.
ಮೊದಲು ಟೈಪ್‌ರೈಟರ್ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ.
ಹೆಸರು ಗೊತ್ತಿಲ್ಲದವರಿಗೆಲ್ಲ ಟೈಪಣ್ಣ.

ನಿನ್ನೆ ರಾತ್ರಿ ಒಂಬತ್ತೂವರೆ, ಷಟರ್ ಅರ್ಧ ಇಳಿಸಿದ್ದೆ,
ಬಗ್ಗಿ ಒಳಗೆ ಬಂದಳು ಸಿಂಚನ,
ಹನಕೆರೆ ರೈಲ್ವೆ ಗೇಟಿನ ಜವರಯ್ಯನ ಮಗಳು.
ಹೊರ ರಾಜ್ಯದ ದೊಡ್ಡ ಕಾಲೇಜಂತೆ.
ಅಂಕಪಟ್ಟಿ ಸಾಲದಂತೆ ಅವರಿಗೆ,
‘ನೀನು ಯಾರು, ಐನೂರು ಪದ ಮೀರದಂತೆ ಬರೆ’ ಅಂತಾರಂತೆ.
ಹನ್ನೆರಡಕ್ಕೆ ಬಾಗಿಲು ಹಾಕ್ತಾರಂತೆ.

‘ಬರೆದಿದೀನಿ ಅಣ್ಣ. ಅಂದ್ರೆ, ಬರೆಸಿದೀನಿ.
ಒಂದು ಸಲ ಕಣ್ಣಾಡಿಸಿ ಕೊಡಿ.’
ಫೋನು ಚಾಚಿದಳು.

ಬೆಣ್ಣೆಯಲ್ಲಿ ಕೂದಲು ತೆಗೆದಂಥ ಇಂಗ್ಲಿಷು.
ಎಲ್ಲೂ ಎಡವಲಿಲ್ಲ ನಾನು,
ಎಡವಲು ಕಲ್ಲೇ ಇರಲಿಲ್ಲ.
ಅದರಲ್ಲೊಬ್ಬಳು ಅಜ್ಜಿ, ಕಾವೇರಿ ದಡದಲ್ಲಿ ಕೂತು
ಹುಣಸೆ ಬೀಜದಲ್ಲಿ ಲೆಕ್ಕ ಕಲಿಸುತ್ತಾಳೆ.
ಒಂದು ಸೀಮೆಎಣ್ಣೆ ದೀಪ.
ಮೂರು ಕಡೆ ಪಯಣ, ನಾಲ್ಕು ಕಡೆ ಕನಸು.

‘ಅಜ್ಜಿ ಇದಾರಾ ನಿನಗೆ?’
‘ನಾನು ಹುಟ್ಟೋ ಮೊದಲೇ ಹೋದ್ರು, ಇಬ್ರೂ.’
‘ದೀಪ?’
‘ರೈಲ್ವೆ ಕ್ವಾರ್ಟರ್ಸು ಅಣ್ಣ, ಕರೆಂಟು ಹೋಗಲ್ಲ.’
‘ಹೊಳೆ?’
‘ನಾಲೆ ಇದೆ. ಅದೂ ನೀರು ಬಿಟ್ಟಾಗ.’

ಬೈಯಲು ಬಾಯಿ ತೆರೆದೆ.
ತೆರೆದ ಬಾಯಿಗೆ ನೆನಪಾಯಿತು ನನ್ನದೇ ಸಾಲು:
‘ಮಾನ್ಯರೇ, ಕಡುಬಡವನಾದ ನಾನು ಬೇರೆ ದಿಕ್ಕಿಲ್ಲದೆ...’
ಎರಡಂತಸ್ತಿನ ಮನೆಯವರಿಗೂ ಬರೆದಿದ್ದೇನೆ ಇದನ್ನು,
ಬುಲೆಟ್ ಮೇಲೆ ಬಂದವರಿಗೂ.
ನೂರು ಜನರ ಕಷ್ಟಕ್ಕೆ ಒಂದೇ ಫೈಲು,
ಹೆಸರು, ಸರ್ವೆ ನಂಬರು ಮಾತ್ರ ಬದಲು,
ಪುಟಕ್ಕೆ ಇಪ್ಪತ್ತು ರೂಪಾಯಿ.
ಆ ಯಂತ್ರ ನನಗೇನು ಪರದೇಶಿಯಲ್ಲ,
ದಾಯಾದಿ.

‘ನಿಜವಾಗ್ಲೂ ಏನು ಮಾಡ್ತೀಯ ಮನೇಲಿ?’
ಉಗುರು ಕಚ್ಚಿದಳು.
‘ಒಂದು ನೋಟ್‌ಬುಕ್ ಇದೆ. ಗೇಟು ಹಾಕಿದಾಗ
ಅಪ್ಪನಿಗೆ ಜನ ಬೈತಾರಲ್ಲ, ಅದನ್ನ ಬರ್ಕೊತೀನಿ.
ತಾರೀಖು, ಟೈಮು, ಗಾಡಿ ಯಾವುದು, ಬೈಗುಳ ಯಾವುದು.
ಆರನೇ ಕ್ಲಾಸಿಂದ.
ಎತ್ತಿನ ಗಾಡಿಯೋರು ಬೈಯೋದೇ ಇಲ್ಲ, ಬೀಡಿ ಹಚ್ತಾರೆ.
ಕಬ್ಬಿನ ಲಾರಿಯೋರು ದಿನಾ ಹೊಸದು ಕಟ್ತಾರೆ.
ಕಾರಿನೋರದು ಬರೀ ಹಾರನ್ನು, ಅದಕ್ಕೆ ಒಂದು ಗೀಟು ಅಷ್ಟೇ.
ಗೇಟು ಎತ್ತಿದ ಮೇಲೆ ಥ್ಯಾಂಕ್ಸ್ ಅಂದೋರು
ಏಳು ವರ್ಷದಲ್ಲಿ ಹದಿನಾಲ್ಕು ಜನ.’

ನಗು ತಡೆಯಲಿಲ್ಲ. ಅವಳೂ ನಕ್ಕಳು.
‘ಇದನ್ನೇ ಬರಿ’ ಅಂದೆ.
ನಗು ನಿಂತಿತು, ಗೇಟು ಇಳಿದ ಹಾಗೆ.
‘ಬೈಸಿಕೊಳ್ಳೋನ ಮಗಳು ಅಂತ ಬರೀಲಾ?’

ಹೊರಗೆ ಗೋಬಿ ಗಾಡಿಯವನು ಬಾಣಲೆ ಉಜ್ಜುತ್ತಿದ್ದ.
ಹನ್ನೊಂದು ಗಂಟೆ. ಹನ್ನೊಂದು ಕಾಲು.
ಕೀಬೋರ್ಡು ಎಳೆದುಕೊಂಡಳು.
ದೀಪ ಆರಿಸಿದಳು. ಹೊಳೆಯನ್ನು ನಾಲೆ ಮಾಡಿದಳು.
ಅಜ್ಜಿಯ ಎದುರು ಕರ್ಸರು ಬಹಳ ಹೊತ್ತು ಮಿಟುಕಿತು.
‘ಇವರು ಇರಲಿ ಬುಡಿ ಅಣ್ಣ,’ ಅಂದಳು ಮೆಲ್ಲಗೆ,
‘ಹುಣಸೆ ಬೀಜ ಚೆನ್ನಾಗಿದೆ.’

ಆಮೇಲೆ ಇಲ್ಲದ ಅಜ್ಜಿಯ ಪಕ್ಕದಲ್ಲೇ
ತನ್ನದೊಂದು ಸಾಲು ಕೂರಿಸಿದಳು, ಸೊಟ್ಟ ಇಂಗ್ಲಿಷಿನಲ್ಲಿ:
ನಮ್ಮಪ್ಪ ಗೇಟು ಎತ್ತಿದಾಗ
ಹದಿನಾಲ್ಕು ಜನ ಥ್ಯಾಂಕ್ಸ್ ಹೇಳಿದ್ದಾರೆ.
ಇಡೀ ಪುಟದಲ್ಲಿ ಆ ಸಾಲಿಗೊಂದೇ
ಕೆಂಪು ಗೆರೆ ಎಳೆಯಿತು ಕಂಪ್ಯೂಟರು.
ನಾನು ತಿದ್ದಲಿಲ್ಲ.

ಹನ್ನೊಂದು ಐವತ್ತೆರಡಕ್ಕೆ ಹೋಯಿತು.
ಬೇಡವೆಂದರೂ ಇಪ್ಪತ್ತು ರೂಪಾಯಿ ಇಟ್ಟು,
ಅಷ್ಟೂ ಹೊತ್ತು ಹೊರಗೆ ಕಾದಿದ್ದ ಅಮ್ಮನ ಸ್ಕೂಟರು ಹತ್ತಿದಳು.

ನಾನೂ ಒಂದು ಹೊಸ ಪುಟ ತೆರೆದೆ.
ನೀನು ಯಾರು.
ಬೆರಳು ತಾನಾಗಿಯೇ ಹೊಡೆಯಿತು: ಮಾನ್ಯರೇ,
ಅಳಿಸಿದೆ.
ಮತ್ತೆ ಹೊಡೆಯಿತು.