ದೀಪದಂಗಡಿಯವನು ಹೇಳಿದ್ದು

ಮೊದಲು ಸೂರಿನ ಎತ್ತರ ಹೇಳಿ.
ಚೆಂಡಿನ ಮಾತು ಆಮೇಲೆ.

ಹತ್ತೇ ಅಡಿಯೇ? ಹಾಗಾದರೆ ಬರುವಾಗ
ಗಾಜಿನಾಚೆ ಕಂಡ ಆ ಕುಂಬಳಗಾತ್ರದ್ದು ಬೇಡ, ಹೆಲ್ವಿ.
ಹಾಸಿಗೆ ಇದ್ದಷ್ಟು ಕಾಲು, ಸೂರು ಇದ್ದಷ್ಟು ಚೆಂಡು.
ಅದರಡಿ ಹಾಯುವಾಗೆಲ್ಲ ನಿಮ್ಮ ಈ ಉದ್ದನೆಯ ಅರ್ಮಾಸ್
ತಲೆ ಬಗ್ಗಿಸಬೇಕಾಗುತ್ತದೆ.
ಟ್ಯಾಂಗೋ ನಡುವೆ ತಲೆ ಬಗ್ಗಿಸಿದವನನ್ನು
ತಾಂಪೆರೆಯಲ್ಲಿ ಯಾರೂ ಇನ್ನೊಮ್ಮೆ ಕರೆಯುವುದಿಲ್ಲ.

ಗಿರಣಿಯ ಊಟದ ಕೋಣೆ ಎಂದಿರಿ.
ಕಾಗದದ ಗಿರಣಿ ಮುಚ್ಚಿತು, ಕೋಣೆ ಉಳಿಯಿತು,
ಬಡಿಸುವ ಕಿಂಡಿ ಹಾಗೇ ಇದೆ, ಗೋಡೆಗೆಲ್ಲ ಹಸಿರು.
ಹಸಿರು ಬೆಳಕು ಕುಡಿಯುತ್ತದೆ, ಬರೆದುಕೊಳ್ಳಿ.
ಒಂದು ಗೋಡೆಗಾದರೂ ಬಿಳಿ ಬಳಿಸಿ.

ಇಗೋ, ಇದು. ಒಂದಡಿ ಅಡ್ಡಗಲ.
ಮುಟ್ಟಿ, ಬೆರಳು ಕೊಯ್ಯುವುದಿಲ್ಲ.
ಕಿರುಬೆರಳ ಉಗುರಿನಷ್ಟು ಒಂದೊಂದು ಬಿಲ್ಲೆ.
ಇದಕ್ಕಿಂತ ಸಣ್ಣದಾದರೆ ಗೋಡೆ ಮುಟ್ಟುವಷ್ಟರಲ್ಲಿ
ಚುಕ್ಕಿ ಬಡವಾಗುತ್ತದೆ,
ದೊಡ್ಡದಾದರೆ ಅದು ಚುಕ್ಕಿಯಲ್ಲ, ರೊಟ್ಟಿ ಚೂರು.

ಕನ್ನಡಿಯೊಳಗಿನ ಗಂಟು ಎನ್ನುತ್ತಾರಲ್ಲ,
ಕಂಡೂ ಕೈಗೆ ಸಿಗದ್ದು,
ಇದು ಆ ಗಂಟು ಬಿಚ್ಚುವ ಕನ್ನಡಿ.
ಯಾರ ಮುಖವನ್ನೂ ಪೂರ್ತಿ ತೋರಿಸುವುದಿಲ್ಲ,
ಇದ್ದ ಬೆಳಕನ್ನೆಲ್ಲ ಚಿಲ್ಲರೆ ಮಾಡಿ
ಕುಣಿವವರ, ಕೂತವರ,
ಬಾಗಿಲಲ್ಲಿ ಕೋಟು ಕಾಯುವವಳ ಮೇಲೂ ಎಸೆಯುತ್ತದೆ.

ಮೋಟಾರು ನಿಮಿಷಕ್ಕೆ ಒಂದೇ ಸುತ್ತು. ಹೆಚ್ಚು ಕೇಳಬೇಡಿ.
ಎಪ್ಪತ್ತು ದಾಟಿದವರ ಕಿವಿಯೊಳಗೆ
ಮೊದಲೇ ಒಂದು ಚೆಂಡು ತಿರುಗುತ್ತಿರುತ್ತದೆ.

ದೀಪ ಮಾತ್ರ ಎರಡು ಬೇಕು, ಎದುರುಬದುರು.
ವ್ಯಾಪಾರಕ್ಕೆ ಹೇಳುತ್ತಿಲ್ಲ.
ಹಿಂದೊಮ್ಮೆ ಸರೋವರದ ದಂಡೆಯ ಮಂಟಪದಲ್ಲಿ
ಒಂದೇ ಕಟ್ಟಿದೆ, ದುಡ್ಡು ಸಾಲದೆಂದರು.
ಹೆಂಗಸರು ಕರೆಯುವ ಸರದಿ ಬಂತು.
ಬಡಗಣ ಗೋಡೆಯ ಬೆಂಚಿಗೆ ಒಂದು ಚುಕ್ಕಿಯೂ ಬೀಳಲಿಲ್ಲ.
ಅಲ್ಲಿದ್ದವನು ವಿಲ್ಯೊ, ದೋಣಿ ರಿಪೇರಿಯವನು,
ಬೂಟಿಗೆ ಹೊಸ ಲಾಡಿ ಕಟ್ಟಿಕೊಂಡು ಬಂದಿದ್ದ.
ಮೂರು ಹಾಡು ಮುಗಿದವು. ನಾಲ್ಕನೆಯದಕ್ಕೆ ಎದ್ದ,
ಕಿಟಕಿಯ ಚಿಲಕ ಸರಿಯಿದೆಯೇ ಎಂದು ನೋಡಲು ಬಂದವನಂತೆ
ನೋಡಿ, ಹೊರಟುಹೋದ.

ಮುಂದಿನ ವಾರ ಏಣಿ ಹೊತ್ತು ಹೋಗಿ
ನನ್ನ ದುಡ್ಡಿನಲ್ಲೇ ಎರಡನೆಯದು ಕಟ್ಟಿದೆ.
ಆಮೇಲೆ ಯಾರಾದರೂ ಅವನನ್ನು ಕರೆದರೋ?
ಗೊತ್ತಿಲ್ಲ. ನಾನು ದೀಪದವನು.

ಚೆಂಡು, ಮೋಟಾರು, ಸರಪಳಿ, ಎರಡು ದೀಪ:
ನೂರಾ ತೊಂಬತ್ತು ಯೂರೋ. ಹತ್ತು ಬಿಟ್ಟಿದ್ದೇನೆ.
ಬಸ್ಸಿನಲ್ಲೇ ಹೋಗುತ್ತೀರಾ? ತೊಡೆಯ ಮೇಲಿಟ್ಟುಕೊಂಡೇ?
ಹಾಗಾದರೆ ನಿಮ್ಮ ಶಾಲು ಸುತ್ತಿ, ಗಂಟು ಬಿಗಿಯಾಗಿರಲಿ.
ಮೂರಕ್ಕೇ ಮುಳುಗುವ ಸೂರ್ಯ
ಇನ್ನೂ ಹತ್ತು ನಿಮಿಷ ಇದ್ದಾನೆ,
ಡ್ರೈವರು, ಪಾಪ, ರಸ್ತೆ ನೋಡಬೇಕು.