ಕೊಂಬಿನ ಬೆಲೆ

ಅಕ್ಷರಕ್ಕೆ ಹದಿನೆಂಟು ಡಾಲರು.
ಅಂಕಿಗೂ ಅಷ್ಟೇ. ಚುಕ್ಕಿ ಬಿಟ್ಟಿ.
ಗೋಡೆಗೆ ಬಡಿದ ಈ ಹಲಗೆಯ ಕೆಳಗೆ
ಹುಬ್ಬಿಗೆಲ್ಲ ಬೂದು ಹಿಟ್ಟು ಮೆತ್ತಿಕೊಂಡು ಕೂತ
ರೆಂಜೊ ಕೊಮೊಲ್ಲಿ,
ವರ್ಮಾಂಟಿನ ಗ್ರಾನೈಟು ಗಣಿಯೂರಲ್ಲಿ
ಮೂರು ತಲೆಮಾರಿನಿಂದ ಸತ್ತವರ ಹೆಸರು ಕೆತ್ತುವ ಮನೆಯವ,
ಚೀಟಿ ಓದಿ ತಲೆ ಕೆರೆದುಕೊಂಡ:
"ಅಮ್ಮಾ, ಇಲ್ಲೊಂದು 'ಯು' ಹೆಚ್ಚಿಗೆ ಬಿದ್ದಿದೆ."

"ಬಿದ್ದದ್ದಲ್ಲ," ಅಂದಳು ಎನಿಡ್ ಪೆಲ್ಕಿ, "ಇಟ್ಟದ್ದು."

ಚೀಟಿಯಲ್ಲಿ ಗಂಡನ ಹೆಸರು, ಎರಡು ಇಸವಿ,
ಅದರಡಿ ಒಂದೇ ಒಂದು ಮಾತು:
ಹಾರ್ಬರ್. ಬಂದರು.
ಹಲ್ ಪಟ್ಟಣದ ಹಡಗುಕಟ್ಟೆಯಲ್ಲಿ
ಮೀನಿನ ಪೆಟ್ಟಿಗೆ ಎಣಿಸಿ ಬರೆಯುತ್ತಿದ್ದ ಹುಡುಗಿಯನ್ನು
ಸರಕಿನ ಹಡಗಿಳಿದ ಓರಿನ್ ಎಂಬ ಉದ್ದನೆಯವ
ದಾರಿ ಕೇಳಿದ್ದು ಆ ಮಾತಿನಿಂದಲೇ.
ಅವಳಿಗೆ ತಿಳಿಯಲಿಲ್ಲ.
ಮೂರು ಸಲ ಕೇಳಿಸಿಕೊಂಡಳು.
ಮೂರನೆಯ ಸಲ ಬೇಕೆಂದೇ.

ಬರೆದಷ್ಟನ್ನೂ ಓದುವ, ಆಡಿದಷ್ಟನ್ನೂ ಬರೆವ
ಲಿಪಿಯನ್ನು ತಿದ್ದಿ ಬೆಳೆದ ನನಗೆ
ಈ ತಕರಾರು ಮೊದಲಿಗೆ ನಗು ತರಿಸಿತು.
ಯಾರ ಬಾಯಲ್ಲೂ ಬಾರದ ಅಕ್ಷರಕ್ಕೆ ಇಷ್ಟು ಮಾತೆ?
ನಾವು ಉಕಾರದ ಗುರುತಿಗೆ ಕೊಂಬು ಅನ್ನುತ್ತೇವೆ.
ಕಡಲಾಚೆಯವರು ಅದನ್ನು ಉಳಿಸಿಕೊಂಡರು,
ಈಚೆಯವರು "ನಿಮಗೇನು ಕೊಂಬಿದೆಯೆ?" ಎಂದು
ಮುರಿದು ಬಿಸಾಕಿದರು.
ದನ ಅದೇ. ಹಾಲೂ ಅದೇ.

ನಲವತ್ತೊಂದು ವರ್ಷ ಒಂದೇ ಸೂರು.
ಆಕೆ 'ಯು' ಬರೆದು 'ಆರ್' ನುಂಗಿದಳು: ಹಾಬ.
ಆತ 'ಯು' ಬಿಟ್ಟು 'ಆರ್' ಹೊರಳಿಸಿದ,
ಅರ್ಕಾವೊತ್ತನ್ನು ಗಣಿಯ ಬಂಡೆಯಂತೆ ಉರುಳಿಸಿದ: ಹಾರ್ಬರ್ರ್.
ಲೆಕ್ಕ ಹಾಕಿದರೆ ಇಬ್ಬರದೂ ಒಂದೊಂದು ಖೋತಾ.
ಬಾಗಿಲು ಕಿಟಕಿ ಮಾರುವ ಆತ
ಅಲೂಮಿನಮ್ ಅನ್ನುತ್ತಿದ್ದ;
ಬಿಲ್ಲು ಬರೆಯುವ ಆಕೆ
ಅಲ್ಯೂಮಿನಿಯಮ್ ಎಂದು ಸೇರಿಸಿ ಬರೆದು,
ಗಿರಾಕಿಗಳು ಅದು ಬೇರೆ, ದುಬಾರಿ ಲೋಹವೆಂದು ತಿಳಿದು
ಚೌಕಾಸಿ ಮಾಡದೆ ಕೊಂಡರು.
ಒಂದು ಜನವರಿ ರಾತ್ರಿ, ಅಕ್ಷರ ಜೋಡಿಸುವ ಆಟದಲ್ಲಿ,
'ಕಲರ್' ಮಾತಿಗೆ ಆಕೆ ಆರನೆಯ ಬಿಲ್ಲೆ ಇಟ್ಟಾಗ
ಆತ ಹಲಗೆಯನ್ನೇ ಮಗುಚಿ ಹಾಕಿದ್ದ.
ಒಂದು 'ಯು' ಒಲೆಯ ಕೆಳಗೆ ಸೇರಿ
ಮತ್ತೆ ಸಿಗಲೇ ಇಲ್ಲ.

ಇದನ್ನೆಲ್ಲ ಆಕೆ ರೆಂಜೊಗೆ ಹೇಳಿದಳು.
ಆಸ್ಪತ್ರೆಯದು ಮಾತ್ರ ಹೇಳಲಿಲ್ಲ:

ಕೊನೆಯ ವಾರ, ನಿದ್ದೆಗೆಟ್ಟು, ಗಂಟಲು ಒಣಗಿ
ಹೊಸ ನರ್ಸನ್ನು ಕೇಳಿದಳು, "ವೋಟ."
ಹುಡುಗಿ ಹೊದಿಕೆ ತಂದಳು.
ಮತ್ತೆ ಕೇಳಿದಳು. ವೈದ್ಯರಿಗೆ ಫೋನು ಮಾಡಲು ಹೊರಟಳು.
ಆಗ ಹಾಸಿಗೆಯಿಂದ,
ಎರಡು ದಿನ ತುಟಿ ಬಿಚ್ಚದೆ ಮಲಗಿದ್ದವನು
ಕಣ್ಣು ಮುಚ್ಚಿಕೊಂಡೇ ಅಂದ,
"ವಾಡರ್."
ನೀರು ಬಂತು. ಆಕೆ ಕುಡಿದಳು.
ಆತ ಬಿಡಿಸಿ ಆಡಿದ ಕಡೆಯ ಮಾತು
ಆಕೆಯ ಬಾಯಾರಿಕೆ.

"ಕಲ್ಲಿಗೆ ರಬ್ಬರಿಲ್ಲ," ಅಂದ ರೆಂಜೊ.
"ನೋಡಿದವರು ನನ್ನ ಕೈ ತಪ್ಪಿತೆಂದಾರು.
ನಿಮ್ಮ ದುಡ್ಡು, ನಿಮ್ಮಿಷ್ಟ."

ಎನಿಡ್ ತುಂಬ ಹೊತ್ತು ಚೀಟಿ ನೋಡಿದಳು.
ಮಲಗುವವನು ಅವನು.
ಅವನ ತಲೆಯ ಮೇಲೆ
ಅವನು ಎಂದೂ ಬರೆಯದ ಅಕ್ಷರ.
"ಅದರ ಜಾಗ ಬಿಡಿ," ಅಂದಳು ಕಡೆಗೆ,
"ಖಾಲಿ. ಪಕ್ಕದಲ್ಲಿ ನನ್ನ ಇಸವಿ ಕೊರೆವ ದಿನ
ಅದನ್ನೂ ಕೊರೆಯಿರಿ. ಹಣ ಈಗಲೇ ತಗೊಳ್ಳಿ."

ಆತ ಹೆಬ್ಬೆರಳಿಟ್ಟು ಅಳೆದ, ಒಂದೂಕಾಲು ಅಂಗುಲ.
ಹದಿನೆಂಟು ಡಾಲರು ಎಣಿಸಿಕೊಂಡು
ರಸೀದಿ ಬರೆದ: ಒಂದು ಅಕ್ಷರ, ಬಾಕಿ.
ಕಲ್ಲಿನ ಬಣ್ಣ ಯಾವುದೆಂಬ ಸಾಲಿಗೆ ಬಂದು
'ಗ್ರೇ' ಎಂದು ಬರೆಯಹೊರಟವನ ಪೆನ್ನು
ಮೂರನೆಯ ಅಕ್ಷರದಲ್ಲಿ ತಡೆಯಿತು.
'ಎ'ಯೋ, 'ಇ'ಯೋ?
ಆಕೆಯ ಮುಖ ನೋಡಿದ.
ಆಮೇಲೆ ಏನೂ ಬರೆಯದೆ
ಎದ್ದು ಹೋಗಿ
ಆ ಕಲ್ಲಿನ ಮೇಲೆ ಕೈಯಿಟ್ಟು ತೋರಿಸಿದ.