ಹದಿನೈದು ಚುಕ್ಕಿ, ಎಂಟಕ್ಕೆ ನಿಲುಗಡೆ

ನಾಲ್ಕೂವರೆ. ಮಾಯವರದ ನಮ್ಮ ಬೀದಿಗೆ ಇನ್ನೂ ಎಚ್ಚರವಿಲ್ಲ.
ನಿನ್ನೆಯ ಭೋಗಿಯಲ್ಲಿ ಸುಟ್ಟ ಚಾಪೆಯ ವಾಸನೆ
ಮಂಜಿಗೆ ಸಿಕ್ಕಿಕೊಂಡು ಅಲ್ಲೇ ನಿಂತಿದೆ.
ಲುಂಗಿ ಎತ್ತಿ ಕಟ್ಟಿ, ತಲೆಗೆ ಮಫ್ಲರ್ ಸುತ್ತಿ
ಕಳ್ಳನ ಹಾಗೆ ಸ್ವಂತ ಬಾಗಿಲು ತೆರೆದು
ಸದ್ದಾಗದಂತೆ ನೀರು ಚೆಲ್ಲುತ್ತೇನೆ.
ನೀರಿಗೆ ಸದ್ದಾಗದಂತೆ ಬೀಳಲು ಗೊತ್ತಿಲ್ಲ.

ಹೊಸ್ತಿಲ ಒಳಗೆ, ಮಣೆಯ ಮೇಲೆ, ತೈಯಲ್‌ನಾಯಕಿ.
ಬಲಗೈ ಪ್ಲಾಸ್ಟರಿನಲ್ಲಿ,
ಜೋಲಿಯಲ್ಲಿ ಮಲಗಿದ ಬಿಳಿ ಕೂಸು.
ಬಚ್ಚಲಲ್ಲಿ ಜಾರಿ ಇಂದಿಗೆ ಇಪ್ಪತ್ತೊಂದು ದಿನ;
ಅಷ್ಟೂ ದಿನ ಬಾಗಿಲ ಮುಂದೆ ಬರಿನೆಲ.
'ಸಾವಾದ ಮನೆಯೇನು ಇದು?' ಎಂದಳು ರಾತ್ರಿ,
ತುತ್ತು ಹಿಡಿದ ನನ್ನ ಕೈಯನ್ನು ತಡೆದು.
'ನಾಳೆ ಪೊಂಗಲ್. ನೀವೇ ಹಾಕಿ.'

ಮೂವತ್ತೊಂದು ವರ್ಷ ಕಂಡಕ್ಟರ್ ನಾನು.
ಮಾಯವರ, ಸೀರ್ಕಾಳಿ, ಚಿದಂಬರ, ಮತ್ತೆ ಹಿಂದಕ್ಕೆ.
ಬೆರಳ ಸಂದಿಗೊಂದು ನೋಟು ಮಡಿಸಿ ಹಿಡಿಯಬಲ್ಲೆ,
ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲಬಲ್ಲೆ,
ಅರವತ್ತೆರಡು ತಲೆ ಒಂದೇ ನೋಟಕ್ಕೆ ಎಣಿಸಬಲ್ಲೆ.
ಹಿಟ್ಟು ಮಾತ್ರ ನನ್ನ ಬೆರಳಿಂದ ಇಳಿಯುವುದಿಲ್ಲ;
ಇಳಿದರೆ, ನಿಲ್ದಾಣವಲ್ಲದ ಕಡೆ
ಎಲ್ಲ ಒಟ್ಟಿಗೇ ಇಳಿದುಬಿಡುತ್ತದೆ.

'ನಡುವೆ ಹದಿನೈದು. ಮೇಲೆ ಹದಿನಾಲ್ಕು,
ಎರಡರ ಸಂದಿಗೆ ಒಂದು. ಕೆಳಗೂ ಹಾಗೇ.
ಎಂಟಕ್ಕೆ ನಿಲ್ಲಿಸಿ.'
'ಎಂಟರ ಆಚೆ?'
'ಆಚೆ ಊರಿಲ್ಲ.'

ಮೂರನೇ ಸಾಲಿಗೇ ಸೊಂಟ ಮಾತಾಡಿತು.
ನಲವತ್ತು ವರ್ಷ ಇವಳು ಹೀಗೆ ಬಗ್ಗಿದ್ದಳಲ್ಲ,
ನಾನು ಮೊದಲ ಬಸ್ಸಿಗೆ ಓಡುತ್ತಾ
ದಾಟಿ, ಒಮ್ಮೊಮ್ಮೆ ತುಳಿದೂ, ಹೋಗಿದ್ದೇನೆ.
ಎಷ್ಟು ಎಸಳು ನನ್ನ ಚಪ್ಪಲಿಗೆ ಅಂಟಿ
ಸೀರ್ಕಾಳಿಯ ತನಕ ಬಂದಿರಬೇಕು,
ಟಿಕೆಟ್ಟಿಲ್ಲದೆ.

ಹಾಲಿನ ಇನ್ಬರಸನ ಸೈಕಲ್ಲು ತಿರುವಿನಲ್ಲಿ ಕಿರುಗುಟ್ಟಿತು.
ಡಬ್ಬಿ ಬೆನ್ನ ಹಿಂದೆ ಇಟ್ಟು ನೆಟ್ಟಗೆ ನಿಂತೆ.
'ಏನಾದರೂ ಬಿತ್ತಾ ಸಾರ್?'
'ಚಿಲ್ಲರೆ' ಎಂದೆ.
ಒಳಗೆ ಅವಳು ಸೆರಗು ಕಚ್ಚಿದ್ದು ಕೇಳಿಸಿತು.

ಆಮೇಲೆ ಬಣ್ಣ.
ಪುಡಿಯುಪ್ಪಿಗೆ ಅರಿಶಿನ, ಕುಟ್ಟಿದ ಇಟ್ಟಿಗೆ,
ಅಂಗಡಿಯ ಗಿಳಿಹಸಿರು, ಬಟ್ಟೆಗೆ ಹಾಕುವ ನೀಲಿ.
ಮಡಕೆಗೆ ಕೆಂಪು, ಉಕ್ಕುವ ಹಾಲಿಗೆ ಬರೀ ಹಿಟ್ಟು.
'ಕಬ್ಬಿಗೆ?'
ಯೋಚಿಸಿದಳು. 'ನಿಮ್ಮ ಹಳೆಯ ಬಸ್ಸಿನ ಸೀಟಿನ ಬಣ್ಣ.'
ಒಂದೇ ಸಲ ಹತ್ತಿದ್ದಳು ನನ್ನ ಬಸ್ಸು, ಮದುವೆಯಾದ ಹೊಸತು.
ಕಿಟಕಿಯ ಪಕ್ಕ ಕೂತಿದ್ದಳು, ಮುಡಿಯಲ್ಲಿ ಕನಕಾಂಬರ.
ಟಿಕೆಟ್ ಹರಿದು ಕೊಟ್ಟೆ. ದುಡ್ಡನ್ನೂ ಇಸಿದುಕೊಂಡೆ.
ಆ ದಿನ ಚೆಕಿಂಗ್ ಇತ್ತು, ನಾನೇನು ಮಾಡಲಿ.
ಕೆಂಪಿಗೆ ನೀಲಿ ಬೆರೆಸಿದೆ. ಹೆಚ್ಚುಕಡಿಮೆ ಅದೇ ಬಣ್ಣ ಬಂತು.

ಎಳೆಗಳೆಲ್ಲ ಕೂಡಿದವು ಎಂದುಕೊಂಡು
ಅಭ್ಯಾಸಬಲದಿಂದ 'ರೈಟ್' ಎಂದೆ.
'ಹೋಲ್ಡಾನ್. ಒಬ್ಬರು ಹತ್ತಿಲ್ಲ' ಎಂದಳು.
ಎಡಗಡೆಯ ಅಂಚಿನಲ್ಲಿ, ಎಂಟರ ಸಾಲಿನಲ್ಲಿ,
ಯಾವ ಗೆರೆಗೂ ಸೇರದೆ ಒಂದು ಚುಕ್ಕಿ.
ನಾನು ಬಗ್ಗುವ ಮೊದಲೇ ಅವಳು ಬೀದಿಗಿಳಿದಿದ್ದಳು.
ಕೂಸನ್ನು ಎದೆಗೊತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು
ಎಡಗೈಯಿಂದ, ಉಸಿರು ಬಿಗಿಹಿಡಿದು,
ಒಂದು ಗೇಣು ಗೆರೆ ಎಳೆದಳು.
ಒಂದನೇ ಕ್ಲಾಸಿನ ಮಗುವಿನ ಅಕ್ಷರದಂತೆ
ಅದು ಹೋಗಿ, ತಡವರಿಸಿ, ಸುತ್ತಿ, ಸೇರಿತು.

ಬೆಳಗಾಯಿತು. ಎದುರುಮನೆಯ ಸೌಂದರವಲ್ಲಿ
ಸೊಂಟಕ್ಕೆ ಕೈ ಕೊಟ್ಟು ಸುತ್ತ ಬಂದು ನೋಡಿದಳು.
'ಕೈ ವಾಸಿಯಾಯಿತೇನಕ್ಕಾ? ಅದೇ ನಿಮ್ಮ ಕೈವಾಡ!
ಇಲ್ಲೊಂದು ಕಡೆ ಮಾತ್ರ ಯಾಕೋ ನಡುಗಿದೆ.'
ಅವಳ ಬೆರಳು ಎಡಗಡೆಯ ಅಂಚಿನ ಮೇಲಿತ್ತು.

'ಹೌದು,' ಎಂದಳು ತೈಯಲ್‌ನಾಯಕಿ, 'ಅಲ್ಲಿ ಸ್ವಲ್ಪ ನೋವಿತ್ತು.'

ನಾನು ಹಿತ್ತಲ ನಲ್ಲಿಯ ಕೆಳಗೆ
ಉಗುರಿನ ನೀಲಿ ಉಜ್ಜುತ್ತಿದ್ದೆ.
ಹೋಗುತ್ತಿರಲಿಲ್ಲ. ಬಿಟ್ಟೆ.